ಶಾಮ್ ಶುಯಿ ಪೋದಲ್ಲಿ ಚಾ ಸಿಯು ಅನ್ನ: ಹನ್ನೊಂದೂಮುಕ್ಕಾಲಿಗೆ ಹೋಗಿ

ಹಾಂಗ್‌ಕಾಂಗಿಗೆ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಒಳ್ಳೆಯ ಚಾ ಸಿಯು ಅನ್ನ ಎಲ್ಲಿ ಸಿಗುತ್ತದೆ? ಚಾ ಸಿಯು ಅಂದರೆ ಸಿಹಿ ಪಾಕ ಹಚ್ಚಿ ಸುಟ್ಟ ಹಂದಿಮಾಂಸ. ನಾನು ಎಲ್ಲಿ ಅಂತ ಹೇಳುವ ಮೊದಲು ಯಾವಾಗ ಅಂತ ಹೇಳುತ್ತೇನೆ. ಶಾಮ್ ಶುಯಿ ಪೋ ಬಡಾವಣೆಯ ಈ ಅಂಗಡಿಗೆ ಬೆಳಿಗ್ಗೆ ಹನ್ನೊಂದೂಮುಕ್ಕಾಲಿಗೆ ಹೋಗಿ. ಅಷ್ಟು ಹೊತ್ತಿಗೆ ಮೊದಲ ಸರದಿಯ ಮಾಂಸ ಒಲೆಯಿಂದ ಹೊರಗೆ ಬಂದು, ಕಿಟಕಿಯ ಕೊಂಡಿಗಳಲ್ಲಿ ತೂಗುತ್ತಾ ಸ್ವಲ್ಪ ತಣಿದಿರುತ್ತದೆ. ಕೆಳಗಿನ ಸ್ಟೀಲ್ ತಟ್ಟೆಗೆ ಪಾಕ ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಆಫೀಸಿನವರು ಬಂದಿರುವುದಿಲ್ಲ. ಕೂರಲು ಜಾಗ ಸಿಗುತ್ತದೆ. 48 ಹಾಂಗ್‌ಕಾಂಗ್ ಡಾಲರ್ ಕೊಟ್ಟರೆ ಆ ಹೊತ್ತಿನಲ್ಲಿ ಸಿಗುವ ತಟ್ಟೆ ಈ ಊರಿನಲ್ಲಿ ನಾನು ತಿಂದ ಅತ್ಯಂತ ಒಳ್ಳೆಯ ಊಟಗಳಲ್ಲಿ ಒಂದು. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಒಳಗೆ ಇರುವುದೇ ಹತ್ತಿಪ್ಪತ್ತು ಜನ ಕೂರುವಷ್ಟು ಜಾಗ, ಮಧ್ಯಾಹ್ನ ಈಗಾಗಲೇ ಬಾಗಿಲ ಹೊರಗೆ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಅದೇ ಬೀದಿಯ ವಯಸ್ಸಾದವರು. ಮೆಟ್ರೋ ಇಳಿದು, ಹಳೇ ಫೋನು, ವಯರು, ಟಾರ್ಚು ಮಾರುವ ಅಪ್ಲಿಯು ಬೀದಿ ದಾಟಿ, ಪೇ ಹೋ ಬೀದಿಯ ಮಾರುಕಟ್ಟೆ ಕಡೆಗೆ ನಡೆಯಿರಿ. ಆ ಸುತ್ತಮುತ್ತ ಇಂಥ ಅಂಗಡಿಗಳು ಇನ್ನೂ ಇವೆ. ನಾನು ಇಲ್ಲಿ ಹೇಳುವುದರಲ್ಲಿ ಬಹುಪಾಲು ಅವುಗಳಿಗೂ ಹೊಂದುತ್ತದೆ.

ಹಂದಿ, ಹೆಬ್ಬಾತು, ಬಾತುಕೋಳಿಗೆ ಮಸಾಲೆ ಹಚ್ಚಿ, ಕೊಂಡಿಗೆ ಸಿಕ್ಕಿಸಿ, ಎತ್ತರದ ಒಲೆಯೊಳಗೆ ತೂಗುಹಾಕಿ ಸುಡುವ ಈ ಅಡುಗೆಗೆ ಇಲ್ಲಿ ಸಿಯು ಮೇ ಎನ್ನುತ್ತಾರೆ. ಇದು ಕ್ಯಾಂಟನೀಸ್ ಜನರ ಅಡುಗೆ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯದು. ಮನೆಯಲ್ಲಿ ಇದನ್ನು ಮಾಡುವವರು ತೀರಾ ಕಡಿಮೆ. ಇಲ್ಲಿನ ಅಡುಗೆಮನೆಗಳಲ್ಲಿ ಇಬ್ಬರು ನಿಲ್ಲುವುದೇ ಕಷ್ಟ, ಇನ್ನು ಇಡೀ ಹಂದಿ ತೂಗುಹಾಕುವ ಒಲೆ ಎಲ್ಲಿಂದ ಬರಬೇಕು? ಹಾಗಾಗಿ ಬಡವರೂ ಹಣವಂತರೂ ಅಂಗಡಿಗೇ ಬರಬೇಕು. ನೂರಾರು ವರ್ಷದ ಅಭ್ಯಾಸ ಇದು. ಗುವಾಂಗ್‌ಝೌ ನಗರದಲ್ಲಿ 1983ರಲ್ಲಿ ಪತ್ತೆಯಾದ ನಾನ್‌ಯುಯೆ ಎಂಬ ಹಳೇ ರಾಜ್ಯದ ರಾಜನ ಸಮಾಧಿಯಲ್ಲಿ ಮಾಂಸ ಸುಡುವ ಕಂಚಿನ ಒಲೆಗಳೂ ಸಿಕ್ಕಿವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಸತ್ತ ಮೇಲೂ ಜೊತೆಗಿರಲಿ ಅಂತ ರಾಜನಿಗೆ ಅದನ್ನು ಇಟ್ಟಿದ್ದರು ಅಂದರೆ ಆ ಸೀಮೆಯವರಿಗೆ ಸುಟ್ಟ ಮಾಂಸ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ, ಅಲ್ವಾ.

ಅಂಗಡಿಯ ಮುಂಭಾಗದಲ್ಲೇ ಗಾಜಿನ ಕಿಟಕಿ. ಅದರ ಹಿಂದೆ ಮಾಂಸ ಕೊಚ್ಚುವವರು ನಿಂತಿರುತ್ತಾರೆ. ಅರವತ್ತು ದಾಟಿರಬಹುದು, ಬಿಳಿ ಏಪ್ರನ್ನು, ರಬ್ಬರ್ ಬೂಟು. ಅವರ ಮುಂದೆ ಮರದ ದುಂಡು ಕೊರಡು. ನಡುವೆ ಕೊಚ್ಚಿ ಕೊಚ್ಚಿ ತಗ್ಗಾಗಿದೆ. ತಲೆಯ ಮೇಲೆ ಸಾಲಾಗಿ ಎಲ್ಲ ತೂಗುತ್ತಿರುತ್ತವೆ. ಎಡಕ್ಕೆ ಹೆಬ್ಬಾತು, ನಡುವೆ ಚಾ ಸಿಯು ಪಟ್ಟಿಗಳು, ಬಲಕ್ಕೆ ಕೋಳಿ, ಕೊನೆಯಲ್ಲಿ ಹಂದಿಯ ಹೊಟ್ಟೆಯ ದೊಡ್ಡ ಹಲಗೆ. ಒಳಗೆ ಕಾಲಿಡುವ ಮೊದಲು ಈ ಕಿಟಕಿಯನ್ನು ಒಂದು ನಿಮಿಷ ನೋಡಿ. ಏನು ತುಂಬ ಇದೆ, ಏನು ಮುಗಿಯುತ್ತಾ ಬಂದಿದೆ, ಯಾವುದರ ಮೇಲೆ ಹೊಳಪಿದೆ, ಯಾವುದು ಒಣಗಿದೆ, ಎಲ್ಲ ಅಲ್ಲೇ ಕಾಣುತ್ತದೆ. ಮೆನು ಓದುವುದಕ್ಕಿಂತ ಇದು ಒಳ್ಳೆಯದು. ಮೆನು ಹೇಗೂ ಗೋಡೆಯ ಮೇಲೆ ಚೀನೀ ಅಕ್ಷರದಲ್ಲಿ ಮಾತ್ರ ಇದೆ.

ಭಾಷೆ ಬಾರದಿದ್ದರೆ ಹೆದರಬೇಡಿ. ಕಿಟಕಿಯತ್ತ ಕೈ ತೋರಿಸಿ, ಫಾನ್ ಅನ್ನಿ. ಅನ್ನ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಎರಡು ಬಗೆ ಬೇಕಾದರೆ ಎರಡನ್ನು ತೋರಿಸಿ, ಜೋಡಿ ತಟ್ಟೆಗೆ 58 ಡಾಲರ್. ಆದರೆ ಚಾ ಸಿಯು ಕೇಳುವಾಗ ಎರಡು ಮಾತು ಕಲಿತುಕೊಂಡು ಹೋದರೆ ಊಟವೇ ಬೇರೆ ಆಗುತ್ತದೆ. ಒಂದು, ಬುನ್ ಫೇ ಸೌ. ನೆಣ ಅರ್ಧ, ಮಾಂಸ ಅರ್ಧ ಇರುವ ತುಂಡು ಕೊಡಿ ಅಂತ. ಇನ್ನೊಂದು, ನುಂಗ್ ಬಿನ್. ಅಂಚು ಸೀದು ಕಪ್ಪಾದ ಕಡೆಯದು ಕೊಡಿ ಅಂತ. ಇದನ್ನು ನನಗೆ ಕಲಿಸಿದ್ದು ನನ್ನ ಆಫೀಸಿನ ಹಿರಿಯ ಸಹೋದ್ಯೋಗಿ, ಇದೇ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು. ಉಚ್ಚಾರ ಹಾಳಾಗಿದ್ದರೂ ಪರವಾಗಿಲ್ಲ. ನಾನು ಮೊದಲ ಸಲ ಹಾಗೆ ಕೇಳಿದಾಗ ಕೊಚ್ಚುವವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ, ಕತ್ತರಿಸಲು ತೆಗೆದುಕೊಂಡಿದ್ದ ಪಟ್ಟಿಯನ್ನು ಮತ್ತೆ ಕೊಂಡಿಗೆ ಹಾಕಿ, ಹಿಂದಿನ ಸಾಲಿನಿಂದ ಬೇರೆ ಒಂದನ್ನು ಇಳಿಸಿದರು. ಅಂದಿನಿಂದ ನಾನು ಬೇರೆ ಥರ ಕೇಳಿಯೇ ಇಲ್ಲ.

ಆ ಪಟ್ಟಿಯ ಬಗ್ಗೆ ಹೇಳಲೇಬೇಕು. ಚಾ ಸಿಯು ಮಾಡುವುದು ಹಂದಿಯ ಕತ್ತಿನ ಹತ್ತಿರದ ಹೆಗಲಿನ ಮಾಂಸದಿಂದ. ಅಲ್ಲಿ ನೆಣ ಒಂದು ಕಡೆ ಗಟ್ಟಿಯಾಗಿ ಕೂತಿರುವುದಿಲ್ಲ, ಮಾಂಸದೊಳಗೇ ಎಳೆ ಎಳೆಯಾಗಿ ಹರಡಿರುತ್ತದೆ. ಅದನ್ನು ಉದ್ದುದ್ದ ಸೀಳಿ ಸೋಯಾ ಸಾಸ್, ಸಕ್ಕರೆ, ಹೋಯ್ಸಿನ್ ಸಾಸ್, ಐದು ಮಸಾಲೆಯ ಪುಡಿ, ಹುದುಗಿಸಿದ ಕೆಂಪು ತೋಫು (ಸೋಯಾ ಪನೀರ್), ಸ್ವಲ್ಪ ಗುಲಾಬಿ ವಾಸನೆಯ ಮದ್ಯ ಹಾಕಿ ನೆನೆಸುತ್ತಾರೆ. ಆಮೇಲೆ ಕೊಂಡಿಗೆ ಸಿಕ್ಕಿಸಿ ಒಲೆಗೆ. ಬೆಂದ ಮೇಲೆ ಮಾಲ್ಟೋಸ್ ಎಂಬ ಸಕ್ಕರೆಯ ದಪ್ಪ ಪಾಕದಲ್ಲಿ ಅದ್ದಿ ಮತ್ತೆ ಸ್ವಲ್ಪ ಹೊತ್ತು ಬೆಂಕಿಗೆ. ಆಗಲೇ ಹೊರಗೆ ಗಾಜಿನಂಥ ಹೊಳಪು ಬರುವುದು, ತುದಿಗಳು ಸೀದು ಕಪ್ಪಾಗುವುದು. ಕೆಂಪು ಬಣ್ಣ ಒಂದಷ್ಟು ಆ ತೋಫುವಿನಿಂದಲೇ ಬರುತ್ತದೆ. ಕುಂಕುಮದಷ್ಟು ಕೆಂಪಗೆ ಕಂಡರೆ ಬಣ್ಣದ ಪುಡಿ ಹಾಕಿದ್ದಾರೆ ಅಂತಲೇ ಲೆಕ್ಕ. ಇಲ್ಲಿಯದು ಕೆಂಪು ಬೆರೆತ ಕಂದು, ಅಂಚಿನಲ್ಲಿ ಕಪ್ಪು.

ತುಂಡುಗಳನ್ನು ಬೆರಳಿನಷ್ಟು ದಪ್ಪ ಕುಯ್ಯುತ್ತಾರೆ. ಇದು ನನಗೆ ತುಂಬ ಇಷ್ಟ. ಕೆಲವು ಕಡೆ ತಟ್ಟೆ ತುಂಬಿದ ಹಾಗೆ ಕಾಣಲಿ ಅಂತ ತೆಳ್ಳಗೆ ಹೆಚ್ಚಿ ಹರಡುತ್ತಾರೆ. ತೆಳ್ಳಗಾದರೆ ಒಳಗಿನ ರಸ ತಟ್ಟೆಗೆ ಬರುವಷ್ಟರಲ್ಲಿ ಆರಿಹೋಗುತ್ತದೆ. ದಪ್ಪ ತುಂಡನ್ನು ಕಚ್ಚಿದರೆ ಮೊದಲು ಸೀದ ಅಂಚಿನ ಸಣ್ಣ ಕಹಿ, ಅದರ ಹಿಂದೆಯೇ ಪಾಕದ ಸಿಹಿ, ಆಮೇಲೆ ನೆಣ ನಾಲಿಗೆ ಮೇಲೆ ಕರಗುವುದು, ಕೊನೆಯಲ್ಲಿ ಮಾಂಸದ ಉಪ್ಪು. ಈ ಸಾಲು ತಪ್ಪಬಾರದು. ಸಿಹಿ ಮೊದಲೂ ಸಿಹಿ ಕೊನೆಯೂ ಆದರೆ ಅದು ಮಿಠಾಯಿ ಆಯಿತು. ಇಲ್ಲಿನ ಕಹಿ ಸಿಹಿಯನ್ನು ಹದದಲ್ಲಿ ಇಡುತ್ತದೆ. ಮಾಂಸಕ್ಕೆ ಎಳೆತ ಇದೆ, ಆದರೆ ಹಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ.

ಈಗ ಅನ್ನ. ಚಾ ಸಿಯು ಬಗ್ಗೆ ಬರೆಯುವವರು ಮಾಂಸದ ಫೋಟೋ ಹಾಕಿ ಅನ್ನವನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಈ ತಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಅನ್ನವೇ. ಅದು ಕೆಟ್ಟರೆ ಮಾಂಸ ಎಷ್ಟು ಚೆನ್ನಾಗಿದ್ದರೂ ಊಟ ಆಗುವುದಿಲ್ಲ. ಇಲ್ಲಿ ಹಾಕುವುದು ಉದ್ದ ಅಗುಳಿನ, ಸಣ್ಣ ಪರಿಮಳದ ಜಾಸ್ಮಿನ್ ಅಕ್ಕಿ. ಸ್ವಲ್ಪ ಗಟ್ಟಿಯಾಗಿಯೇ ಮಾಡುತ್ತಾರೆ, ಯಾಕೆಂದರೆ ಮೇಲಿನಿಂದ ರಸ ಬೀಳುತ್ತದೆ. ಮೊದಲೇ ಮೆತ್ತಗಾಗಿದ್ದರೆ ರಸ ಬಿದ್ದಾಗ ಮುದ್ದೆ ಆಗಿಬಿಡುತ್ತದೆ.

ಆ ರಸ ಹೇಗೆ ಬರುತ್ತದೆ ಅಂತ ಕಿಟಕಿ ಹತ್ತಿರದ ಮೇಜಿನಲ್ಲಿ ಕೂತರೆ ಕಾಣುತ್ತದೆ. ಹೆಬ್ಬಾತನ್ನು ಸುಡುವ ಮೊದಲು ಅದರ ಹೊಟ್ಟೆಯೊಳಗೆ ಮಸಾಲೆ ತುಂಬಿ, ಉದ್ದ ಸೂಜಿಯಿಂದ ಹೊಲಿದ ಹಾಗೆ ಮುಚ್ಚುತ್ತಾರೆ. ಚಕ್ರಮೊಗ್ಗು, ಚಕ್ಕೆ, ಹುದುಗಿಸಿದ ಸೋಯಾ ಕಾಳಿನ ಸಾಸ್, ಉಪ್ಪು, ಸಕ್ಕರೆ. ಬೇಯುವಾಗ ಹಕ್ಕಿಯ ರಸವೆಲ್ಲ ಆ ಮಸಾಲೆಯ ಜೊತೆ ಒಳಗೇ ಸೇರುತ್ತದೆ. ಕೊಚ್ಚುವ ಮೊದಲು ಅವರು ಹೆಬ್ಬಾತನ್ನು ಕೊಂಡಿಯಿಂದ ಇಳಿಸಿ, ಸೂಜಿ ಎಳೆದು, ಒಂದು ಸ್ಟೀಲ್ ಪಾತ್ರೆಯ ಮೇಲೆ ಬಗ್ಗಿಸುತ್ತಾರೆ. ಕಂದು ಬಣ್ಣದ ರಸ ದಾರೆಯಾಗಿ ಬೀಳುತ್ತದೆ, ಮೇಲೆ ಎಣ್ಣೆ ತೇಲುತ್ತಿರುತ್ತದೆ. ಆ ಪಾತ್ರೆಗೆ ಯಾರೂ ಬೇರೆ ಏನೂ ಬೆರೆಸುವುದಿಲ್ಲ. ಹೆಬ್ಬಾತು ಅನ್ನ ಕೇಳಿದವರಿಗೆ ಅದರಿಂದ ಒಂದು ಸೌಟು. ಚಾ ಸಿಯು ಅನ್ನಕ್ಕೆ ಬೇರೆ ಪಾತ್ರೆಯ ಸಿಹಿ ಸೋಯಾ ರಸ. ಅದೂ ಚೆನ್ನಾಗಿದೆ. ಆದರೆ ಚಾ ಸಿಯು ಅನ್ನಕ್ಕೆ ಹೆಬ್ಬಾತಿನ ರಸ ಹಾಕಿ ಅಂತ ಕೇಳಿ ನೋಡಿ. ನಾನು ಕೇಳಿದಾಗಲೆಲ್ಲ ಹಾಕಿದ್ದಾರೆ. ಎರಡೂ ಸಿಹಿ ಒಟ್ಟಿಗೆ ಸೇರಿ ಜಾಸ್ತಿ ಆಗುವ ಬದಲು, ಚಕ್ರಮೊಗ್ಗಿನ ಘಾಟು ಬಂದು ಅನ್ನಕ್ಕೆ ಗಟ್ಟಿ ರುಚಿ ಕೊಡುತ್ತದೆ. ತಟ್ಟೆಯ ಮೂಲೆಯಲ್ಲಿ ರಸ ಇಂಗಿದ ಅನ್ನವನ್ನು ನಾನು ಕೊನೆಗೆ ಅಂತ ಉಳಿಸಿಕೊಳ್ಳುತ್ತೇನೆ.

ಪಕ್ಕದಲ್ಲಿ ಎರಡು ಎಸಳು ಚೋಯ್ ಸಮ್ ಸೊಪ್ಪು ಇಡುತ್ತಾರೆ, ಬಿಸಿನೀರಿನಲ್ಲಿ ಬಾಡಿಸಿದ್ದು. ಇದು ಹೆಸರಿಗೆ ಮಾತ್ರ. ಸೊಪ್ಪು ತಿನ್ನುವ ಆಸೆ ಇದ್ದರೆ ಬೇರೆ ತಟ್ಟೆ ಹೇಳಿ.

ಇನ್ನು ಸಿಯು ಯುಕ್, ಅಂದರೆ ಗರಿಗರಿ ಚರ್ಮದ ಹಂದಿ ಹೊಟ್ಟೆ. ನಾನು ಕೊಡಗಿನವಳು, ಹಂದಿಯ ನೆಣ ಕಂಡರೆ ಹಿಂದೆ ಸರಿಯುವವಳಲ್ಲ. ಅವ್ವ ಇಲ್ಲಿಗೆ ಬಂದಾಗ ಮೊದಲು ಕರೆದುಕೊಂಡು ಹೋದದ್ದೇ ಈ ತಟ್ಟೆಗೆ. ಅವರು ತಿನ್ನುವ ಮೊದಲು ಒಂದು ತುಂಡನ್ನು ಕೈಯಲ್ಲಿ ಹಿಡಿದು, ಚರ್ಮದ ಮೇಲೆ ಉಗುರಿನಿಂದ ತಟ್ಟಿದರು. ಟಕ್ ಅಂತು. "ಇದನ್ನು ಎಷ್ಟು ಹೊತ್ತು ಒಣಗಿಸಿರಬೇಕು!" ಅಂದರು. ಸರಿಯಾಗಿಯೇ ಕೇಳಿದರು. ಇಡೀ ಗುಟ್ಟು ಒಣಗಿಸುವುದರಲ್ಲೇ ಇದೆ. ಹೊಟ್ಟೆಯ ಭಾಗವನ್ನು ಮೊದಲು ನೀರಿನಲ್ಲಿ ಅರೆಬೇಯಿಸಿ, ಚರ್ಮವನ್ನು ಮೊಳೆಯಂಥ ಮುಳ್ಳುಗಳಿಂದ ಚುಚ್ಚಿ ಚುಚ್ಚಿ, ಉಪ್ಪು ವಿನೆಗರ್ ಸವರಿ, ರಾತ್ರಿಯಿಡೀ ಗಾಳಿಗೆ ಬಿಡುತ್ತಾರೆ. ಆಮೇಲೆ ಜೋರು ಬೆಂಕಿ. ಚರ್ಮ ಪೂರ್ತಿ ಕಪ್ಪಾಗುವವರೆಗೆ ಸುಟ್ಟು, ಆ ಕಪ್ಪನ್ನು ಚಾಕುವಿನಿಂದ ಕೆರೆದು ತೆಗೆಯುತ್ತಾರೆ. ಕೆಳಗೆ ಚಿನ್ನದ ಬಣ್ಣದ, ಸಣ್ಣ ಸಣ್ಣ ಗುಳ್ಳೆಗಳ ಚರ್ಮ ಉಳಿಯುತ್ತದೆ. ಕುಯ್ಯುವಾಗ ಚರ್ಮವನ್ನು ಕೆಳಗೆ ಮಾಡಿ ಇಡುತ್ತಾರೆ, ಒಂದೇ ಏಟು. ಮೇಲೆ ಮಾಡಿ ಕುಯ್ದರೆ ಚರ್ಮ ಒಡೆದು ಪುಡಿಯಾಗುತ್ತದೆ.

ಇದರ ಜೊತೆ ಸಣ್ಣ ಬಟ್ಟಲಲ್ಲಿ ಹಳದಿ ಸಾಸಿವೆ ಕೊಡುತ್ತಾರೆ. ಕೆಲವರು ಸಕ್ಕರೆಯನ್ನೂ ಅದ್ದಿ ತಿನ್ನುತ್ತಾರೆ. ಸಾಸಿವೆ ಬಿಡಬೇಡಿ. ನಮ್ಮ ಪಂದಿ ಕರಿಯಲ್ಲಿ ಕಾಚಂಪುಳಿಯ ಹುಳಿ ನೆಣದ ಜಿಡ್ಡನ್ನು ಕಡಿಯುವ ಹಾಗೆ, ಇಲ್ಲಿ ಆ ಕೆಲಸವನ್ನು ಸಾಸಿವೆ ಮಾಡುತ್ತದೆ. ಅವ್ವ ತಟ್ಟೆ ಖಾಲಿ ಮಾಡಿ, ಬಟ್ಟಲಲ್ಲಿ ಉಳಿದ ಸಾಸಿವೆಯನ್ನೂ ಅನ್ನಕ್ಕೆ ಹಚ್ಚಿಕೊಂಡರು.

ಆದರೆ ಇದೇ ಸಿಯು ಯುಕ್ ಬಗ್ಗೆ ನನ್ನ ದೊಡ್ಡ ದೂರೂ ಇದೆ. ಮಧ್ಯಾಹ್ನ ಮೂರರ ಮೇಲೆ ಹೋದರೆ ಅದೇ ಬೆಳಗಿನ ಹಲಗೆಯ ಉಳಿದ ತುಂಡನ್ನೇ ಕುಯ್ದು ಕೊಡುತ್ತಾರೆ. ಹಾಂಗ್‌ಕಾಂಗಿನ ಬೇಸಿಗೆಯ ಗಾಳಿಯಲ್ಲಿ ತೇವ ವಿಪರೀತ. ಚರ್ಮ ಆ ತೇವ ಹೀರಿಕೊಂಡು ತೊಗಲಿನ ಹಾಗೆ ಎಳೆದಾಡುತ್ತದೆ. ಒಂದು ದಿನ ನನಗೆ ಸಿಕ್ಕ ತುಂಡುಗಳಲ್ಲಿ ಅರ್ಧವನ್ನು ಅಗಿಯುವುದಕ್ಕೇ ಆಗಲಿಲ್ಲ. ಬೆಲೆ ಮಾತ್ರ ಅದೇ. ಆ ಹೊತ್ತಿನಲ್ಲಿ ಇದನ್ನು ಮಾರಬಾರದು, ಇಲ್ಲವೇ ಬೆಲೆ ಇಳಿಸಬೇಕು. ಅಂಗಡಿಯ ಮೇಲೆ ಇಷ್ಟು ಪ್ರೀತಿ ಇರುವುದರಿಂದಲೇ ಇದನ್ನು ಹೇಳುತ್ತಿದ್ದೇನೆ. ಎರಡನೇ ಸರದಿ ಸಂಜೆ ಐದರ ಸುಮಾರಿಗೆ ಬರುತ್ತದೆ. ಮೂರರಿಂದ ಐದರ ನಡುವೆ ಹೋದವರು ಕೋಳಿ ತಿನ್ನಿ.

ಕೋಳಿ ಎರಡು ಬಗೆ. ಬಿಳಿ ಕೋಳಿಯನ್ನು ಸುಡುವುದಿಲ್ಲ, ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿಯಲ್ಲಿ ನಿಧಾನ ಬೇಯಿಸಿ ತಣ್ಣಗೆ ಮಾಡುತ್ತಾರೆ. ಮೂಳೆಯ ಹತ್ತಿರ ಸಣ್ಣಗೆ ಕೆಂಪು ಕಾಣಬಹುದು. ಇಲ್ಲಿ ಅದು ಹಾಗೇ ಇರಬೇಕು ಅಂತ ಬಯಸುತ್ತಾರೆ. ಇಷ್ಟವಾಗದಿದ್ದರೆ ಸೋಯಾ ಕೋಳಿ ತೆಗೆದುಕೊಳ್ಳಿ. ಬಿಳಿ ಕೋಳಿಯ ಜೀವ ಅದರ ಜೊತೆ ಬರುವ ಶುಂಠಿ ಚಟ್ನಿಯಲ್ಲಿದೆ. ಶುಂಠಿ, ಈರುಳ್ಳಿ ಸೊಪ್ಪು ಸಣ್ಣಗೆ ಕೊಚ್ಚಿ, ಉಪ್ಪು ಹಾಕಿ, ಮೇಲೆ ಕಾದ ಎಣ್ಣೆ ಸುರಿದದ್ದು. ನಾನು ಅದನ್ನು ಚಾ ಸಿಯು ಜೊತೆಗೂ ಕೇಳಿ ಪಡೆಯುತ್ತೇನೆ.

ಹೆಬ್ಬಾತಿನ ವಿಷಯಕ್ಕೆ ಬಂದರೆ, ಈ ಅಂಗಡಿಯ ಹೆಬ್ಬಾತು ಒಳ್ಳೆಯದು, ಆದರೆ ಊರಿನಲ್ಲೇ ಒಳ್ಳೆಯದು ಅನ್ನಲಾರೆ. ಅನ್ನದ ಜೊತೆ 68 ಡಾಲರ್, ಕಾಲಿನ ಭಾಗ ಬೇಕಾದರೆ 95. ಮೇಲಿನ ಭಾಗದಲ್ಲಿ ಮೂಳೆ ಜಾಸ್ತಿ. ಕೊಡುವುದಾದರೆ 95 ಕೊಟ್ಟು ಕಾಲನ್ನೇ ತಿನ್ನಿ. ಹೆಬ್ಬಾತಿನ ಚರ್ಮ ಮತ್ತು ಮಾಂಸದ ನಡುವೆ ಗಾಳಿ ಊದಿ ಉಬ್ಬಿಸಿ, ಬಿಸಿನೀರು ಸುರಿದು, ಮಾಲ್ಟೋಸ್ ಮತ್ತು ವಿನೆಗರ್ ಬಳಿದು ಒಣಗಿಸಿ ಸುಡುತ್ತಾರೆ. ಸರಿಯಾಗಿ ಮಾಡಿದರೆ ಚರ್ಮ ಕಾಗದದಷ್ಟು ತೆಳ್ಳಗೆ, ಕೆಳಗಿನ ನೆಣವೆಲ್ಲ ಕರಗಿ ಹೋಗಿರುತ್ತದೆ. ಇಲ್ಲಿ ಚರ್ಮ ಚೆನ್ನಾಗಿರುತ್ತದೆ, ಎದೆಯ ಮಾಂಸ ಮಾತ್ರ ಒಮ್ಮೊಮ್ಮೆ ಒಣಗಿರುತ್ತದೆ. ಜೊತೆಗೆ ಹುಳಿಸಿಹಿ ಪ್ಲಮ್ ಸಾಸ್ ಕೊಡುತ್ತಾರೆ. ಒಣಗಿದ ಎದೆಗೆ ಅದು ಬೇಕು, ಕಾಲಿಗೆ ಬೇಡ.

ಹೆಬ್ಬಾತಿಗೆ ಹೆಸರಾದ ಜಾಗಗಳು ಬೇರೆ ಇವೆ. ಸೆಂಟ್ರಲ್‌ನ ವೆಲಿಂಗ್ಟನ್ ಬೀದಿಯ ಯಂಗ್ ಕೀ 1942ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದವರ ಮೊಮ್ಮಗ 2014ರಲ್ಲಿ ವಾನ್ ಚಾಯ್‌ನಲ್ಲಿ ತೆರೆದ ಕಾಮ್ಸ್ ರೋಸ್ಟ್ ಗೂಸ್‌ಗೆ ಒಳ್ಳೆಯ ಹೋಟೆಲುಗಳಿಗೆ ಕೊಡುವ ಮಿಶೆಲಿನ್ ನಕ್ಷತ್ರ ಸಿಕ್ಕಿದೆ. ಶಾಮ್ ಚೆಂಗ್ ಅನ್ನುವ ಕಡಲ ಬದಿಯ ಜಾಗ ಹೆಬ್ಬಾತಿಗಾಗಿಯೇ ಪ್ರಸಿದ್ಧ. ನೆಂಟರು ಬಂದಾಗ, ಹಬ್ಬಕ್ಕೆ ಅಂಥಲ್ಲಿಗೆ ಹೋಗುವುದು ಸರಿಯೇ. ಅಲ್ಲಿನ ಹೆಬ್ಬಾತು ಇಲ್ಲಿಯದಕ್ಕಿಂತ ಮೇಲು, ಒಪ್ಪುತ್ತೇನೆ. ಚಾ ಸಿಯು ಅನ್ನದ ಮಾತು ಬೇರೆ. ಬಡಾವಣೆಯ ಅಂಗಡಿಯಲ್ಲಿ ಜನ ದಿನವೂ ಬಂದು ತಿಂದು ಹೋಗುತ್ತಾರೆ, ಪಟ್ಟಿಗಳು ಕೊಂಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ. ಸುಟ್ಟ ಮಾಂಸಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಹೆಸರಾದ ಹೋಟೆಲಿನಲ್ಲೇ ಮಧ್ಯಾಹ್ನ ಮೂರಕ್ಕೆ ತಿಂದ ಚಾ ಸಿಯುಗಿಂತ, ಇಲ್ಲಿ ಹನ್ನೊಂದೂಮುಕ್ಕಾಲಿಗೆ ತಿಂದದ್ದು ನನಗೆ ಪ್ರತಿ ಸಲವೂ ಹಿಡಿಸಿದೆ.

ಕೂರುವ ವ್ಯವಸ್ಥೆ ಬಗ್ಗೆ ಎರಡು ಮಾತು. ನಾಲ್ಕು ಜನರ ಮೇಜಿಗೆ ನೀವೊಬ್ಬರೇ ಹೋದರೆ ಎದುರಿಗೆ ಗುರುತಿಲ್ಲದವರು ಬಂದು ಕೂರುತ್ತಾರೆ. ಕೇಳುವುದಿಲ್ಲ, ನಗುವುದೂ ಇಲ್ಲ, ಕೂತು ತಿನ್ನುತ್ತಾರೆ. ಇದು ಒರಟುತನ ಅಲ್ಲ, ಇಲ್ಲಿನ ರೂಢಿ. ಕೂತ ಕೂಡಲೇ ಪ್ಲಾಸ್ಟಿಕ್ ಲೋಟದಲ್ಲಿ ಬಿಸಿ ಟೀ ಬರುತ್ತದೆ, ಹಾಲಿಲ್ಲದ ತೆಳು ಟೀ, ದುಡ್ಡಿಲ್ಲ. ಮಧ್ಯಾಹ್ನದ ಊಟಕ್ಕೆ ಒಂದು ಬಟ್ಟಲು ಸೂಪೂ ಸೇರಿದೆ, ದಿನಕ್ಕೊಂದು ಬಗೆ. ಕ್ಯಾರೆಟ್ಟು, ಜೋಳ, ಹಂದಿ ಮೂಳೆ ಹಾಕಿ ಗಂಟೆಗಟ್ಟಲೆ ಕುದಿಸಿದ ದಿನ ತುಂಬ ಚೆನ್ನಾಗಿರುತ್ತದೆ. ತಣ್ಣನೆಯ ನಿಂಬೆ ಟೀ ಬೇಕಾದರೆ ಬಿಸಿಯದಕ್ಕಿಂತ 3 ಡಾಲರ್ ಜಾಸ್ತಿ.

ಟೇಬಲ್ ನೋಡಿಕೊಳ್ಳುವ ಹೆಂಗಸು ಗಟ್ಟಿ ದನಿಯವರು. ಹೆಣ್ಣುಮಕ್ಕಳೆಲ್ಲ ಅವರಿಗೆ ಲೆಂಗ್ ಲೂಯಿ, ಹುಡುಗಿಯಾಗಲಿ, ಅಜ್ಜಿಯಾಗಲಿ. ನನ್ನನ್ನೂ ಹಾಗೆಯೇ ಕರೆಯುತ್ತಾರೆ, ಅವ್ವನನ್ನೂ ಹಾಗೆಯೇ ಕರೆದರು. ಚೆಲುವೆ ಅಂತ ಕರೆದಿದ್ದು ಅಂತ ಹೇಳಿದಾಗ ಅವ್ವ ಮುಖ ಅರಳಿಸಿ ಇನ್ನೊಂದು ಟೀ ತರಿಸಿಕೊಂಡರು. ಜನ ತುಂಬಿದಾಗ ಮಾತ್ರ ಅವರಿಂದ ಹೆಚ್ಚು ನಿರೀಕ್ಷಿಸಬೇಡಿ. ತಟ್ಟೆ ಖಾಲಿಯಾದ ಮೇಲೆ ಕೂತು ಹರಟುವ ಜಾಗ ಇದಲ್ಲ, ಹೊರಗೆ ಜನ ಕಾಯುತ್ತಿರುತ್ತಾರೆ. ಬಿಲ್ಲನ್ನು ಬಾಗಿಲ ಹತ್ತಿರದ ಗಲ್ಲಾದಲ್ಲಿ ಕಟ್ಟಬೇಕು. ನಗದು ಇಲ್ಲವೇ ಆಕ್ಟೋಪಸ್ ಕಾರ್ಡು, ಅಂದರೆ ಇಲ್ಲಿ ಮೆಟ್ರೋ, ಅಂಗಡಿ ಎರಡಕ್ಕೂ ನಡೆಯುವ ದುಡ್ಡು ತುಂಬಿದ ಕಾರ್ಡು. ಸರ್ವಿಸ್ ಚಾರ್ಜು ಇಲ್ಲ.

ಒಮ್ಮೆ ನನ್ನ ಎದುರಿಗೆ ಒಬ್ಬ ತಾಯಿ, ಶಾಲೆಯ ಯೂನಿಫಾರ್ಮಿನ ಮಗ ಕೂತಿದ್ದರು. ಪರೀಕ್ಷೆಯ ಪೇಪರು ಮೇಜಿನ ಮೇಲೆ. ತಾಯಿ ಬೈಯುತ್ತಲೇ ಇದ್ದರು. ಇಲ್ಲಿನ ಅಮ್ಮಂದಿರದ್ದು ಒಂದು ಹಳೇ ಬೈಗುಳ ಇದೆ. ನಿನ್ನನ್ನು ಹೆರುವ ಬದಲು ಒಂದು ತುಂಡು ಚಾ ಸಿಯು ಹೆತ್ತಿದ್ದರೆ ಚೆನ್ನಾಗಿತ್ತು ಅಂತ. ಅವತ್ತು ಅದೂ ಬಂತು, ಚಾ ಸಿಯು ಅನ್ನುವ ಶಬ್ದ ನನಗೂ ಗೊತ್ತಾಯಿತು. ಹುಡುಗ ತಲೆ ಎತ್ತಲಿಲ್ಲ. ಬೈದು ಮುಗಿದ ಮೇಲೆ ಆ ತಾಯಿ ತನ್ನ ತಟ್ಟೆಯಿಂದ ಅಂಚು ಸೀದ ತುಂಡುಗಳನ್ನೆಲ್ಲ ಆರಿಸಿ ಮಗನ ಅನ್ನದ ಮೇಲೆ ಇಟ್ಟರು.

ಸಸ್ಯಾಹಾರಿಗಳಿಗೆ ಇಲ್ಲಿ ಊಟ ಇಲ್ಲ. ಇದನ್ನು ನೇರವಾಗಿ ಹೇಳುವುದು ಒಳ್ಳೆಯದು. ಸೊಪ್ಪಿನ ತಟ್ಟೆಯ ಮೇಲೆ ಆಯ್ಸ್ಟರ್ ಸಾಸ್ ಹಾಕುತ್ತಾರೆ, ಅದು ಸಿಂಪಿಯಿಂದ ಮಾಡಿದ್ದು. ಸೂಪಿನಲ್ಲಿ ಮೂಳೆ. ಒಂದೇ ಕೊರಡು, ಒಂದೇ ಮಚ್ಚು. ಹಂದಿ ತಿನ್ನದವರು ಕೋಳಿ ಅನ್ನ ಕೇಳಿದರೂ ಅದೇ ಕೊರಡಿನ ಮೇಲೆ ಕೊಚ್ಚುತ್ತಾರೆ. ನನ್ನ ಜೊತೆ ಕೆಲಸ ಮಾಡುವ ತುಮಕೂರಿನ ಗೆಳತಿಯನ್ನು ನಾನು ಇಲ್ಲಿಗೆ ಕರೆಯುವುದೇ ಇಲ್ಲ. ಅವಳ ಜೊತೆ ಹೋಗುವುದಕ್ಕೆ ಬೇರೆ ಜಾಗಗಳಿವೆ.

ಪಾರ್ಸೆಲ್ ಬಗ್ಗೆ ನನ್ನ ಸಲಹೆ ಒಂದೇ. ಅನ್ನದ ಜೊತೆ ಪಾರ್ಸೆಲ್ ಬೇಡ. 2024ರ ಏಪ್ರಿಲ್‌ನಿಂದ ಬಿಳಿ ಥರ್ಮೊಕೋಲ್ ಡಬ್ಬಿ ಇಲ್ಲಿ ನಿಂತುಹೋಗಿದೆ, ಈಗ ಕಾಗದದ ಡಬ್ಬಿ. ಯಾವ ಡಬ್ಬಿಯಾದರೂ ಬಿಸಿ ಅನ್ನದ ಹಬೆ ಒಳಗೇ ತಿರುಗಿ ಸಿಯು ಯುಕ್‌ನ ಚರ್ಮ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಮನೆಗೆ ಬೇಕಾದರೆ ಇಲ್ಲಿನವರ ಹಾಗೆ ಮಾಡಿ. ಸಂಜೆ ಕೆಲಸ ಬಿಟ್ಟು ಬರುವಾಗ ಮಾಂಸ ಮಾತ್ರ ಕುಯ್ಯಿಸಿಕೊಂಡು ಹೋಗುತ್ತಾರೆ, ಅನ್ನವನ್ನು ಮನೆಯಲ್ಲೇ ಮಾಡುತ್ತಾರೆ. ಐದೂವರೆಗೆ ಕಿಟಕಿಯ ಮುಂದೆ ನಿಂತರೆ ಈ ಗಿರಾಕಿಗಳೇ ಜಾಸ್ತಿ. ಸೊಪ್ಪಿನ ಚೀಲ ಹಿಡಿದ ಅಜ್ಜಿಯರು, ಟೈ ಸಡಿಲ ಮಾಡಿದ ಗಂಡಸರು. ಇವರು ಯಾರೂ ಸುಮ್ನೆ ತೆಗೆದುಕೊಂಡು ಹೋಗುವುದಿಲ್ಲ. ಆ ಪಟ್ಟಿ ಬೇಡ, ಅದರ ಹಿಂದಿನದು, ಅದಲ್ಲ, ಅದರ ಪಕ್ಕದ್ದು ಅಂತ ಬೆರಳು ಮಾಡಿ ಆರಿಸುತ್ತಾರೆ. ಕೊಚ್ಚುವವರು ಒಂದು ಮಾತೂ ಆಡದೆ ಇಳಿಸಿ ತೋರಿಸುತ್ತಾರೆ. ಇಷ್ಟು ಕಡಿಮೆ ಬೆಲೆಯ ಊಟಕ್ಕೆ ಇಷ್ಟು ಶ್ರದ್ಧೆ ಕಂಡಾಗ ನನಗೆ ಈ ಊರಿನ ಮೇಲೆ ಗೌರವ ಬರುತ್ತದೆ. ರಾತ್ರಿಯೆಲ್ಲ ಒಣಗಿಸಿ, ಬೆಳಿಗ್ಗೆ ಬೆಂಕಿಯ ಮುಂದೆ ನಿಂತು ಮಾಡಿದ್ದನ್ನು ನಾವು ಇಪ್ಪತ್ತು ನಿಮಿಷದಲ್ಲಿ ತಿಂದು ಎದ್ದುಬಿಡುತ್ತೇವೆ. ಇದಕ್ಕೆ 48 ಡಾಲರ್ ಕಡಿಮೆ ಅಂತಲೇ ನನ್ನ ಅಭಿಪ್ರಾಯ. ನಾಳೆ ಬೆಲೆ ಏರಿಸಿದರೂ ನಾನು ಹೋಗುತ್ತೇನೆ.

ಹೋಗುವ ದಿನ ನೋಡಿಕೊಂಡು ಹೋಗಿ. ಚೀನೀ ಹೊಸ ವರ್ಷಕ್ಕೆ ಕೆಲವು ದಿನ ಬಾಗಿಲು ಹಾಕುತ್ತಾರೆ. ಏಪ್ರಿಲ್ ಮೊದಲ ವಾರದಲ್ಲಿ ಚಿಂಗ್ ಮಿಂಗ್ ಬರುತ್ತದೆ, ಹಿರಿಯರ ಸಮಾಧಿಗೆ ಹೋಗಿ ಗುಡಿಸಿ ಪೂಜೆ ಮಾಡುವ ದಿನ. ಆಗ ಮನೆಯವರೆಲ್ಲ ಇಡೀ ಸುಟ್ಟ ಹಂದಿ ಕೊಂಡುಹೋಗಿ ಅಲ್ಲಿಟ್ಟು, ಆಮೇಲೆ ಹಂಚಿಕೊಂಡು ತಿನ್ನುತ್ತಾರೆ. ಹೊಸ ಅಂಗಡಿ ತೆರೆಯುವಾಗ, ಸಿನಿಮಾ ಶೂಟಿಂಗ್ ಶುರುಮಾಡುವಾಗಲೂ ಇಡೀ ಸುಟ್ಟ ಹಂದಿ ಕುಯ್ಯುವ ಪದ್ಧತಿ ಇದೆ. ಚಿಂಗ್ ಮಿಂಗ್ ಹೊತ್ತಿಗೆ ಒಲೆಯೆಲ್ಲ ಆ ಆರ್ಡರುಗಳಿಗೇ ಹೋಗುತ್ತದೆ. ಬೆಳಿಗ್ಗೆ ಅಂಗಡಿಯ ಮುಂದೆ ಕೆಂಪು ಕಾಗದ ಮುಚ್ಚಿದ ಉದ್ದ ಡಬ್ಬಿಗಳ ಸಾಲೇ ಇರುತ್ತದೆ. ಆ ವಾರ ಬಿಡಿಯಾಗಿ ಮಾರುವ ಸಿಯು ಯುಕ್ ಬೇಗ ಮುಗಿಯುತ್ತದೆ, ಕೆಲವು ದಿನ ಸಿಗುವುದೇ ಇಲ್ಲ. ಚಾ ಸಿಯುಗೆ ಬೇರೆ ಸಣ್ಣ ಒಲೆ ಇದೆ, ಅದು ಎಂದಿನ ಹಾಗೆ ಹನ್ನೊಂದೂವರೆಗೇ ಹೊರಗೆ ಬರುತ್ತದೆ.